ನೀರು ಕುಡಿಯದ ಕಲ್ಲು

ಸ್ಟೂಲಿನ ಮೇಲೆ ನಿಂತು ಫ್ಯಾನ್ ಒರೆಸುವ ಕೆಲಸ ನನ್ನಿಂದ ಆಗುವುದಿಲ್ಲ. ಕಾಲು ನೆಲ ಬಿಟ್ಟ ಕೂಡಲೇ ಕಣ್ಣಿಗೆ ಕತ್ತಲೆ ಬರುತ್ತದೆ. ನಮ್ಮಮ್ಮ ಇಂದಿರಾಬಾಯಿ ಕೆಳಗೆ ಸ್ಟೂಲು ಹಿಡಿದುಕೊಂಡು, ಇಳಿದು ಬಾ, ನಾನೇ ಒರೆಸುತ್ತೇನೆ ಎನ್ನುತ್ತಾಳೆ. ಇಂಥ ನಾನು ಬಂಡೆ ಏರುವವರ ತಂಡದಲ್ಲಿ ಸಂಬಳ ತಿನ್ನುತ್ತೇನೆ ಎಂದರೆ ಗಜೇಂದ್ರಗಡದಲ್ಲಿ ಯಾರೂ ನಂಬುವುದಿಲ್ಲ. ಅವರದೇ ಸರಿ. ನನ್ನ ಹುದ್ದೆ ಸೂಪರ್‌ವೈಸರ್. ಅಂದರೆ ಮೇಲೆ ಏರಿದವರ ಫೋಟೋವನ್ನು ಕೆಳಗೆ ನಿಂತು ತೆಗೆದು ಆಫೀಸಿಗೆ ಕಳಿಸುವವನು, ಡ್ರಿಲ್ಲಿನ ಬ್ಯಾಟರಿ ಚಾರ್ಜಿಗೆ ಇಡುವವನು, ಜಿಗಣೆ ಹತ್ತಿದಾಗ ಎಲ್ಲರಿಗಿಂತ ಮೊದಲು ಕೂಗುವವನು.

ನಮ್ಮ ಕಂಪನಿಯ ಕೆಲಸ ಹೇಳಲು ಸುಲಭ. ಘಟ್ಟದ ರಸ್ತೆ, ರೈಲು ಹಳಿ, ಕರೆಂಟಿನ ಗೋಪುರ, ಇವುಗಳ ನೆತ್ತಿಯ ಮೇಲೆ ಸಡಿಲಾಗಿ ನಿಂತ ಬಂಡೆಗಳನ್ನು, ಅವು ತಾವಾಗಿ ಬೀಳುವ ಮೊದಲು ನಾವೇ ಬೀಳಿಸುವುದು. ಹೋದ ವರ್ಷ ಆಷಾಢದಲ್ಲಿ ಉತ್ತರ ಕನ್ನಡದ ಕರಾವಳಿಯ ಹಿಂದಿನ ಕಾಡಿನಲ್ಲಿ, ಕರೆಂಟಿನ ಗೋಪುರವೊಂದರ ನೆತ್ತಿಗೆ, ಅಂಥ ಒಂದು ಕೆಲಸ ಬಂತು. ಅದೇ ಹೊತ್ತಿಗೆ ನಮ್ಮ ತಂಡದಲ್ಲಿ ಮೊದಲು ಏರುವ ಆಳಿಗೆ ಕಾಮಾಲೆ ಆಗಿ ಅವನು ಊರಿಗೆ ಹೋದ. ಏರುವವರು ಬೇರೆಯವರೂ ಇದ್ದರು. ಆದರೆ ಕಟ್ಟಿದ ಹಗ್ಗ ಹಿಡಿದು ಏರುವುದೇ ಬೇರೆ, ಮೇಲೆ ಹಗ್ಗವೇ ಇಲ್ಲದ ಬಂಡೆಗೆ ಮೊದಲು ಕೈ ಹಾಕುವುದೇ ಬೇರೆ. ನಮ್ಮ ಮೇಸ್ತ್ರಿ ಅಬ್ದುಲಮಜೀದ ನರಗುಂದದವರು, ನಾನು ಚಾಚಾ ಅನ್ನುತ್ತೇನೆ. ನಿಮ್ಮ ಗುಡ್ಡದ ಕಡೆ ಯಾರಾದರೂ ಇದ್ದಾರೇನು ಎಂದು ಅವರು ಸುಮ್ಮನೆ ಕೇಳಿದ್ದಕ್ಕೆ, ನಾನು ಎದೆಯುಬ್ಬಿಸಿ ದ್ಯಾಮಪ್ಪನ ಹೆಸರು ಹೇಳಿಬಿಟ್ಟೆ. ಹಲ್ಲಿ ಏರಿದ ಹಾಗೆ ಏರುತ್ತಾನೆ ಎಂದೆ. ತಾನು ಏರಲಾರದವನಿಗೆ ಇನ್ನೊಬ್ಬನ ಏರುವಿಕೆಯ ಮೇಲೆ ಜಂಬ ಕೊಚ್ಚುವುದಕ್ಕೆ ಏನೂ ಖರ್ಚಿಲ್ಲ.

ದ್ಯಾಮಪ್ಪನಿಗೆ ಐವತ್ತರ ಹತ್ತಿರ. ಗಜೇಂದ್ರಗಡದ ಬಸ್ ನಿಲ್ದಾಣದಿಂದ ನೇಕಾರರ ಓಣಿಗಳಿಗೆ ನೂಲಿನ ಗಂಟುಗಳನ್ನು ಕೈಗಾಡಿಯಲ್ಲಿ ದೂಡಿಕೊಂಡು ಹೋಗುವುದು ಅವನ ದಿನದ ದುಡಿಮೆ. ಸಣ್ಣ ಆಳು; ಅಂಗೈಗಳು ಮಾತ್ರ ಬೇರೆ ಯಾರೋ ದೊಡ್ಡ ಮನುಷ್ಯನವನ್ನು ತಂದು ಹಚ್ಚಿದ ಹಾಗಿವೆ. ಗುಡ್ಡದ ಅಂಚಿನಲ್ಲಿ ಹಸಿರು ಚಿಗುರು ಕಂಡು ಆಡುಗಳು ಏರಿಬಿಡುತ್ತವೆ, ಇಳಿಯುವುದು ಗೊತ್ತಾಗದೆ ಅಲ್ಲೇ ನಿಂತು ಬ್ಯಾ ಎನ್ನುತ್ತವೆ. ಆಗ ಎಲ್ಲರಿಗೂ ದ್ಯಾಮಪ್ಪ ನೆನಪಾಗುತ್ತಾನೆ. ಗಾಡಿಯನ್ನು ಯಾರದೋ ಕಟ್ಟೆಗೆ ಆನಿಸಿ, ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ತಂಬಿಗೆಯಲ್ಲಿ ನೀರು ತೆಗೆದುಕೊಂಡು ಬರುತ್ತಾನೆ. ಆಡನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದರೆ ಒಂದು ಕಪ್ ಚಹಾ, ಅಷ್ಟೇ. ಅದನ್ನು ಕೆಲಸ ಎಂದು ಊರಿನವರೂ ಅನ್ನುತ್ತಿರಲಿಲ್ಲ, ಅವನೂ ಅನ್ನುತ್ತಿರಲಿಲ್ಲ.

ತಂಬಿಗೆಯ ನೀರು ಕುಡಿಯಲಿಕ್ಕಲ್ಲ. ಏರುವ ಮೊದಲು ಅವನು ಅದರಿಂದ ಒಂದು ಬೊಗಸೆ ನೀರನ್ನು ಬಂಡೆಗೆ ಹಾಕುತ್ತಾನೆ. ನಮ್ಮ ಗುಡ್ಡದ ಕೆಂಪು ಕಲ್ಲು ಹಿಂದೊಮ್ಮೆ ಮರಳಾಗಿದ್ದದ್ದು. ಒಳಗೆ ಒಣಗಿದ್ದರೆ ಹಾಕಿದ ನೀರನ್ನು ಹೀರಿ, ಒಂದು ಕಪ್ಪು ಕಲೆ ಮಾತ್ರ ಉಳಿಸುತ್ತದೆ. ಕುಡೀತು ಎಂದು ದ್ಯಾಮಪ್ಪ ಏರುತ್ತಾನೆ. ಮಳೆಯ ಮರುದಿನ ಹಾಕಿದರೆ ನೀರು ಕೆಳಗೆ ಹರಿದು ಬರುತ್ತದೆ. ಹೊಟ್ಟೆ ತುಂಬಿದೆ ಎಂದು ಅವನು ತಿರುಗಿ ಗಾಡಿ ಹಿಡಿಯುತ್ತಾನೆ. ಆಡಿನ ಮಾಲೀಕರು ಕಾಲು ಹಿಡಿದರೂ ನಿಲ್ಲುವುದಿಲ್ಲ. ಹೊಟ್ಟೆ ತುಂಬಿದ ಕೆಂಪು ಕಲ್ಲು, ನೋಡಲಿಕ್ಕೆ ನಿನ್ನೆಯ ಹಾಗೇ ಇರುತ್ತದೆ, ಕೈಯಲ್ಲಿ ಹಿಡಿದರೆ ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗೆ ಮುರಿಯುತ್ತದೆ.

ಇದನ್ನು ಅವನಿಗೆ ಕಲಿಸಿದವನು ಅವನ ಕಾಕಾ ಬಸಪ್ಪ. ಊರಿನ ಬಾಯಲ್ಲಿ ಬಸ್ಯಾ. ಅವನೂ ಒಂದು ಕಾಲಕ್ಕೆ ಆಡು ಇಳಿಸುತ್ತಿದ್ದವನೇ. ಒಂದು ಮಳೆಗಾಲದಲ್ಲಿ ನೀರು ಹಾಕಿ ನೋಡಿದ, ಹರಿದು ಬಂತು. ಆಡು ಎಳೆಯದು, ಕೆಳಗೆ ನಿಂತ ಮುದುಕಿ ಅಳುತ್ತಿದ್ದಳು, ಏರಿದ. ಹಿಡಿದ ಅಂಚು ಮುರಿದು ಕೈಯಲ್ಲೇ ಉಳಿಯಿತು. ಅಂದಿನಿಂದ ಬಸ್ಯಾಕಾಕಾ ಊರುಗೋಲಿನ ಮೇಲೆ. ಬಸ್ ನಿಲ್ದಾಣದ ಚಹಾದಂಗಡಿಯ ಬಾಕಿನ ಮೇಲೆ ಕೂತಿರುತ್ತಾನೆ, ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಾನೆ: "ಕಲ್ಲ ಖರೇನ ಹೇಳಿತ್ತು. ನಾ ಕೇಳಲಿಲ್ಲ."

ನಾನು ಕರೆಯಲು ಹೋದಾಗ ದ್ಯಾಮಪ್ಪ ಎರಡು ಸಲ ಕೇಳಿದ್ದು ಒಂದೇ ಮಾತು, ಏರಲಿಕ್ಕೆ ಅಂತಲೇ ಕರೆಯುತ್ತಾರೇನು, ಹೊರಲಿಕ್ಕೆ ಅಲ್ಲವಷ್ಟೇ? ಏರಲಿಕ್ಕೆ ಅಂತಲೇ ಎಂದೆ. ಅವನ ಹೆಂಡತಿ ಬಾಳವ್ವ ಜೋಳದ ಹಿಟ್ಟು ನಾದುತ್ತ ನಮ್ಮ ಮಾತು ಕೇಳುತ್ತಿದ್ದಳು.

"ಇಷ್ಟ ದಿನ ಆಡಿಗೆ ಏರಿದಿ, ಈಗ ಕರೆಂಟಿನ ಕಂಬಕ್ಕ ಏರು," ಎಂದಳು. "ಆಡಾದ್ರ ಬ್ಯಾ ಅಂತಿತ್ತು."

ಬೆಲ್ಟು, ಕೊಂಡಿ, ಡ್ರಿಲ್ಲು ಇವನ್ನೆಲ್ಲ ಮಜೀದ ಚಾಚಾ ಒಂದು ಒಣ ಕಲ್ಲುಗಣಿಯಲ್ಲಿ ಅವನಿಗೆ ಕಲಿಸಿದರು. ಬೇಗ ಕಲಿತ. ಆಮೇಲೆ ಘಟ್ಟ ಇಳಿದೆವು.

ಘಟ್ಟದ ಕೆಳಗಿನ ಮಳೆಯನ್ನು ನಮ್ಮ ಕಡೆಯವರಿಗೆ ವಿವರಿಸುವುದು ಕಷ್ಟ. ನಮ್ಮಲ್ಲಿ ಮಳೆ ಬರುತ್ತದೆ, ಹೋಗುತ್ತದೆ. ಬಂದಾಗ ಕೊಣ್ಣೂರಿನ ಸೇತುವೆ ಮುಳುಗಿಸಿ ಸುದ್ದಿಯಾಗುತ್ತದೆ. ಅಲ್ಲಿ ಅದು ಮನೆಯ ಹಿರಿಯರ ಹಾಗೆ ಇದ್ದೇ ಇರುತ್ತದೆ. ಜೀಪು ನಿಂತ ಜಾಗದಿಂದ ಕಾಡಿನಲ್ಲಿ ಅರ್ಧ ದಿನ ನಡೆಯಬೇಕು. ಹಳ್ಳ ದಾಟಿ, ಬೆತ್ತದ ಮುಳ್ಳಿನಿಂದ ಅಂಗಿ ಬಿಡಿಸಿಕೊಂಡು ಹೋದರೆ ತಗಡಿನ ಶೆಡ್ಡು, ಅದರ ಎದುರಿಗೆ ಬಂಡೆ. ಗ್ರಾನೈಟಿನ ಗೋಡೆ. ಕೆಳಗಿನ ಭಾಗ ಮರಗಳ ನಡುವೆ, ಮೇಲಿನದು ಮೋಡದಲ್ಲಿ. ನಡುವೆ ಕಪ್ಪಗೆ ನೀರು ಇಳಿಯುತ್ತಿತ್ತು. ಮೋಡ ಸರಿದಾಗ ಮಾತ್ರ ನಾವು ಬೀಳಿಸಬೇಕಾಗಿದ್ದ ಹಲಗೆ ಕಾಣುತ್ತಿತ್ತು: ಎತ್ತಿನ ಚಕ್ಕಡಿಗಿಂತ ದೊಡ್ಡ ಒಂದು ಕಲ್ಲು, ಗೋಡೆಯಿಂದ ಬಿರುಕು ಬಿಟ್ಟು ವಾಲಿಕೊಂಡು ನಿಂತಿತ್ತು. ಅದರ ನೇರ ಕೆಳಗೆ, ಇಳಿಜಾರಿನಲ್ಲಿ, ಕರೆಂಟಿನ ಗೋಪುರ. ಮೇಲಿನಿಂದ ಹಗ್ಗ ಬಿಡೋಣವೆಂದರೆ ನೆತ್ತಿಗೆ ಹೋಗುವ ದಾರಿಯನ್ನು ಬೆತ್ತದ ಪೊದೆ ಮುಚ್ಚಿತ್ತು. ಯಾರಾದರೂ ಕೆಳಗಿನಿಂದಲೇ ಏರಬೇಕು.

ಮೊದಲ ದಿನ ನಮ್ಮ ಇಂಜಿನಿಯರ್ ದೀಪಶ್ರೀ ಬಂದಿದ್ದರು. ದ್ಯಾಮಪ್ಪನನ್ನು ಪಕ್ಕಕ್ಕೆ ಕರೆದು, ಇದು ನಿಮ್ಮ ಕಡೆಯ ಕಲ್ಲಿನ ಜಾತಿಯಲ್ಲ, ಇದರೊಳಗೆ ನೀರು ಇಳಿಯುವುದಿಲ್ಲ, ಒದ್ದೆಯಾದರೆ ಜಾರುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಅವರು ಹೇಳಿದ್ದು ಪೂರಾ ಸರಿಯಾಗಿತ್ತು. ದ್ಯಾಮಪ್ಪ ಪ್ರತಿ ಮಾತಿಗೂ ಹೌದ್ರಿ, ಹೌದ್ರಿ ಎಂದ. ಮರುದಿನ ಬೆಳಿಗ್ಗೆ ಬೆಲ್ಟು ಕಟ್ಟಿಕೊಂಡು, ಬಂಡೆಯ ಬುಡಕ್ಕೆ ಹೋಗಿ, ತಂಬಿಗೆಯಿಂದ ಒಂದು ಬೊಗಸೆ ನೀರು ಹಾಕಿದ. ಮಳೆಯಲ್ಲಿ ತೊಯ್ಯುತ್ತಿದ್ದ ಬಂಡೆಯ ಮೇಲೆ ಆ ಬೊಗಸೆ ಎಲ್ಲಿ ಹೋಯಿತು ಎಂಬುದೂ ತಿಳಿಯಲಿಲ್ಲ.

"ಹೊಟ್ಟಿ ತುಂಬೇತ್ರಿ," ಎಂದ. "ನಾಳಿ ನೋಡೂಣು."

ಮರುದಿನವೂ ಅದೇ. ಅದರ ಮರುದಿನವೂ. ತಂಡದ ಆಳುಗಳು ಅವನಿಗೆ ತಂಬಿಗೆ ದ್ಯಾಮಣ್ಣ ಎಂದು ಹೆಸರಿಟ್ಟರು. ಬಂಡೆಗೆ ಸ್ನಾನ ಆಯಿತೇ, ಇನ್ನು ಊದಿನಕಡ್ಡಿ ಹಚ್ಚು ಎಂದು ಒಬ್ಬ ಅಂದ. ದ್ಯಾಮಪ್ಪ ಅವರ ಜೊತೆ ತಾನೂ ನಗುತ್ತಿದ್ದ, ಆದರೆ ಏರುತ್ತಿರಲಿಲ್ಲ. ಹಲ್ಲಿಯ ಮಾತು ಹೇಳಿದ್ದ ನಾನು ಬ್ಯಾಟರಿಗಳ ಹತ್ತಿರ ತಲೆ ತಗ್ಗಿಸಿಕೊಂಡು ಕೂರುತ್ತಿದ್ದೆ. ಒಮ್ಮೆ ಹೋಗಿ, ದೀಪಶ್ರೀ ಮೇಡಮ್ ಹೇಳಿದ್ದನ್ನೇ ನನ್ನ ಮಾತಿನಲ್ಲಿ ಮತ್ತೆ ಹೇಳಿದೆ. ಮೊಣಕಾಲೆತ್ತರಕ್ಕೂ ಏರದವನ ಬಾಯಲ್ಲಿ ಆ ವಿಜ್ಞಾನಕ್ಕೆ ಏನೂ ತೂಕ ಇರಲಿಲ್ಲ.

ಗುರುವಾರ ಬೆಳಿಗ್ಗೆ ಮಜೀದ ಚಾಚಾ ಅವನ ಪಕ್ಕ ಬಂದು ಕೂತರು. ಅವರು ಜೋರಾಗಿ ಮಾತಾಡುವವರಲ್ಲ.

"ದ್ಯಾಮಣ್ಣಾ, ಈ ಕಲ್ಲ ಒಣಗಾಕ ದೀಪಾವಳಿ ಬರಬೇಕು. ಅಲ್ಲೀತನಾ ಆ ಹಲಗಿ ನಿಲ್ಲಂಗಿಲ್ಲ. ಶನಿವಾರ ರೇಶನ್ ತಗೊಂಡು ಜೀಪ್ ಬರ್ತೈತಿ. ಅಷ್ಟರಾಗ ಏರಿದ್ರ ಇರು. ಇಲ್ಲಂದ್ರ ಅದ ಜೀಪಿನಾಗ ಹೋಗು, ಬ್ಯಾರೆದಾಂವನ್ನ ಕರಸ್ತೀನಿ. ನನಗ ಸಿಟ್ಟಿಲ್ಲ."

"ನಿಮಗ ಸಿಟ್ಟಿಲ್ರಿ," ಎಂದ ದ್ಯಾಮಪ್ಪ. ಚಾಚಾ ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿದ. "ಪವನಪ್ಪಾ, ಊರಾಗ ನನ್ನ ಗಾಡಿ ದ್ಯಾಮ ಅಂತಾರ. ಏರಾಂವ ಅಂತ ಕರದವ್ರು ನೀವ ಮೊದಲ್ನೇದವ್ರು. ಇದ ಹೋತಂದ್ರ ಮತ್ತ ಯಾರೂ ಕರೆಯಂಗಿಲ್ಲ. ಆದ್ರ ಕೈ ಒಪ್ಪವಲ್ದು ನೋಡ್ರಿ."

ದೀಪಶ್ರೀ ಮೇಡಮ್ ಹೇಳಿದ್ದನ್ನು ಅವನ ತಲೆ ಒಪ್ಪಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಬಂಡೆ ಹಿಡಿಯುವುದು ತಲೆಯಲ್ಲ. ಕೈಗೆ ಮೂವತ್ತು ವರ್ಷ ಒಂದೇ ಪಾಠ ಆಗಿತ್ತು, ಆ ಪಾಠ ಬರೆದುಕೊಟ್ಟವನು ಊರುಗೋಲು ಹಿಡಿದು ಬಸ್ ನಿಲ್ದಾಣದಲ್ಲಿ ಕೂತಿದ್ದ. ನಾನು ಸ್ಟೂಲಿನ ಮೇಲೆ ನಿಂತಾಗಲೂ ಸ್ಟೂಲು ಗಟ್ಟಿಯಿದೆ ಎಂದು ನನಗೆ ಗೊತ್ತೇ ಇರುತ್ತದೆ.

ಅದೇ ಮಧ್ಯಾಹ್ನ ಅಡುಗೆಯ ಒಲೆಯ ಹತ್ತಿರ ಗದ್ದಲ ಕೇಳಿ ಹೋದೆ. ನಮಗೆ ಅಡುಗೆ ಮಾಡುವ ಸಕ್ಕೂಬಾಯಿ ರೋಣದವರು. ಅವರ ಒಲೆಯ ಸುತ್ತ ಯಾರೂ ಸುಳಿಯುವಂತಿಲ್ಲ. ದ್ಯಾಮಪ್ಪ ಬಂಡೆಯ ಬುಡದಿಂದ ಅಂಗೈಯಷ್ಟು ಚಕ್ಕೆಯೊಂದನ್ನು ತಂದು ಅವರ ಒಲೆಯ ಬೂದಿಯಲ್ಲಿ ಹುಗಿದಿದ್ದ.

"ಬದನೀಕಾಯಿ ಸುಟ್ಟದ್ದ ಕಂಡೀನಿ, ಕಲ್ಲ ಸುಟ್ಟದ್ದ ಕಂಡಿಲ್ಲವ್ವಾ," ಎಂದು ಸಕ್ಕೂಬಾಯಿ ನನ್ನ ಕಡೆ ನೋಡಿದರು. "ಪವನಾ, ಕೇಳು ನಿಮ್ಮ ದ್ಯಾಮಣ್ಣನ್ನ, ಖಾರ ಹಚ್ಚಲೇನು ಇದಕ್ಕ?"

"ಒಣಗಾಕ ಇಟ್ಟೀನ್ರಿ ಅಕ್ಕಾರ," ಎಂದ ದ್ಯಾಮಪ್ಪ. "ಸಂಜಿತನಾ ಇರ್ಲಿ."

ಸಂಜೆ ಚಕ್ಕೆಯನ್ನು ಹೊರತೆಗೆದು, ಬೂದಿ ಊದಿ, ಪಂಚೆಯಿಂದ ಒರೆಸಿದ. ತಣ್ಣಗಾಗುವ ತನಕ ಮುಂದೆ ಇಟ್ಟುಕೊಂಡು ಕೂತ. ಆಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಟ್ಟ. ಹನಿ ಉಬ್ಬಿಕೊಂಡೇ ನಿಂತಿತು. ಚಕ್ಕೆಯನ್ನು ವಾರೆ ಮಾಡಿದ. ಹನಿ ಜಾರಿ ಅಂಗಳಕ್ಕೆ ಬಿತ್ತು, ಇದ್ದ ಜಾಗದಲ್ಲಿ ಕಲೆಯೂ ಉಳಿಯಲಿಲ್ಲ. ಇನ್ನೊಂದು ಹನಿ, ಹಾಗೇ. ಕೊನೆಗೆ ಚಕ್ಕೆಯನ್ನು ಬಾಯಿಗೆ ತಂದು ನಾಲಿಗೆ ಹಚ್ಚಿದ. ನಮ್ಮ ಕೆಂಪು ಕಲ್ಲಿನ ಒಣ ಚೂರಿಗೆ ನಾಲಿಗೆ ಹಚ್ಚಿದರೆ ಅದು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ, ನಾವೆಲ್ಲ ಚಿಕ್ಕಂದಿನಲ್ಲಿ ಆಡಿದ ಆಟ. ದ್ಯಾಮಪ್ಪ ನನ್ನ ಕೈಗೆ ಕೊಟ್ಟು, ನೀವೂ ನೋಡ್ರಿ ಎಂದ. ನಾನು ಸೂಪರ್‌ವೈಸರ್ ಆಗಿ ನನ್ನ ಜವಾಬ್ದಾರಿಯನ್ನು ಅರಿತು ನೆಕ್ಕಿದೆ. ಬೂದಿಯ ರುಚಿ ಬಂತು. ಕಲ್ಲು ನಾಲಿಗೆಯನ್ನು ಹಿಡಿಯಲಿಲ್ಲ. ಅದೇ ಹೊತ್ತಿಗೆ ಮಜೀದ ಚಾಚಾ ಶೆಡ್ಡಿನಿಂದ ಹೊರಗೆ ಬಂದರು. ಗಜೇಂದ್ರಗಡದ ಇಬ್ಬರು ಗಂಡಸರು ಸರದಿಯ ಮೇಲೆ ಕಲ್ಲು ನೆಕ್ಕುವುದನ್ನು ನೋಡಿ ಹಾಗೇ ಒಳಗೆ ಹೋದರು.

"ಇದರ ಹೊಟ್ಟಿ ತುಂಬಿಲ್ಲ," ಎಂದ ದ್ಯಾಮಪ್ಪ ಮೆಲ್ಲಗೆ. "ಇದಕ್ಕ ಹೊಟ್ಟೀನ ಇಲ್ಲ."

ಈಗ ಏರುತ್ತಾನೆ ಎಂದುಕೊಂಡೆ. ಅವನು ನನ್ನ ಫೋನು ಕೇಳಿದ. ಕಾಕಾನ ಜೊತೆ ಮಾತಾಡಬೇಕು ಎಂದ.

ಶೆಡ್ಡಿನಲ್ಲಿ ಸಿಗ್ನಲ್ ಇರಲಿಲ್ಲ. ಹಳ್ಳದ ಆಚೆ ದಿಬ್ಬದ ಮೇಲೊಂದು ಜಾಗವಿತ್ತು, ಅಲ್ಲಿ ನಿಂತರೆ ಬರುತ್ತಿತ್ತು. ಕೊಡೆ ಹಿಡಿದು ಇಬ್ಬರೂ ಹೋದೆವು. ಮಳೆಯ ಸದ್ದಿಗೆ ಕೇಳುವುದಿಲ್ಲವೆಂದು ಸ್ಪೀಕರ್ ಹಾಕಿಕೊಟ್ಟೆ. ಆಚೆ ಕಡೆಯಿಂದ ಮೊದಲು ಕೇಳಿದ್ದು ನಮ್ಮ ಬಸ್ ನಿಲ್ದಾಣ. ಕಂಡಕ್ಟರನೊಬ್ಬ ರೋಣ, ರೋಣ ಎಂದು ಕೂಗುತ್ತಿದ್ದ. ಆಮೇಲೆ ಬಸ್ಯಾಕಾಕಾನ ದನಿ.

"ಏರಿದೇನಪಾ?"

"ಇಲ್ಲ ಕಾಕಾ. ಇಲ್ಲೀ ಕಲ್ಲ ನೀರ ಕುಡಿಯಂಗಿಲ್ಲ."

"ಮಳಿಯಾಗ ಯಾ ಕಲ್ಲ ಕುಡೀತೈತಿ? ಸುಮ್ನ ಕುಂದ್ರು."

"ಮಳೀದಲ್ಲ. ಒಲಿಯಾಗಿಟ್ಟು ಒಣಗಿಸೀನಿ. ಹನಿ ಹಾಕಿದ್ರ ಜಾರಿ ಹೋತು."

ಆಚೆ ಚಹಾದ ಗ್ಲಾಸನ್ನು ಬಾಕಿನ ಮೇಲೆ ಇಟ್ಟ ಸದ್ದು ಬಂತು.

"ನಾಲಿಗಿ ಹಚ್ಚಿದೇನು?"

"ಹಚ್ಚೀನಿ. ಹಿಡಿಯಂಗಿಲ್ಲ. ಪವನಪ್ಪನೂ ನೆಕ್ಕ್ಯಾರ."

"ಅವರ್ಯಾಕ ನೆಕ್ಕಿದ್ರು?"

ದ್ಯಾಮಪ್ಪ ನನ್ನ ಮುಖ ನೋಡಿದ, ನಾನು ಕೊಡೆಯನ್ನು ಸರಿಮಾಡಿಕೊಂಡೆ. ಕಾಕಾ ಅದನ್ನು ಮುಂದುವರಿಸಲಿಲ್ಲ.

"ದ್ಯಾಮಾ, ನಾ ಬಿದ್ದಿದ್ದು ನಮ್ಮ ಕಲ್ಲಿಂದ. ಆ ಕಲ್ಲಿನ ಮಾತ ನಿನಗ ಹೇಳೀನಿ. ಇದು ಯಾವುದೋ, ನನಗ ಗೊತ್ತಿಲ್ಲ."

"ಹಂಗಾದ್ರ ಏರಲೇನು?"

"ಏರು ಅಂತ ನಾ ಹೇಳಂಗಿಲ್ಲ. ಬ್ಯಾಡ ಅನ್ನೂದ ಬಿಟ್ಟೀನಿ, ಅಷ್ಟ." ಕೆಮ್ಮು ಬಂದು ನಿಂತಿತು. "ಅಲ್ಲಿ ಮ್ಯಾಲ ಹೋದ್ರ ಸಮುದ್ರ ಕಾಣತೈತಂತಲಾ. ಕಂಡ್ರ ಫೋನ ಹಚ್ಚು. ನಾ ಒಮ್ಮಿನೂ ನೋಡಿಲ್ಲ."

ಶುಕ್ರವಾರ ಬೆಳಿಗ್ಗೆ ಮಳೆ ಎಂದಿನಂತೆಯೇ ಇತ್ತು. ದ್ಯಾಮಪ್ಪ ತಂಬಿಗೆ ತರಲಿಲ್ಲ. ಹೆಲ್ಮೆಟ್ ಹಾಕಿಕೊಂಡು, ಡ್ರಿಲ್ಲನ್ನು ಸೊಂಟಕ್ಕೆ ತೂಗುಬಿಟ್ಟು, ಪಾಚಿ ಉಜ್ಜುವ ತಂತಿಯ ಬ್ರಶ್ಶನ್ನು ಬೆನ್ನಿಗೆ ಸಿಕ್ಕಿಸಿಕೊಂಡ. ಕೆಳಗೆ ಹಗ್ಗ ಹಿಡಿದು ಮಜೀದ ಚಾಚಾ ನಿಂತರು. ಕ್ರಮ ಹೀಗೆ: ಏರುವವನು ಸ್ವಲ್ಪ ಏರುತ್ತಾನೆ, ಬಂಡೆಗೆ ತೂತು ಕೊರೆದು ಬೋಲ್ಟ್ ಹೊಡೆಯುತ್ತಾನೆ, ಅದಕ್ಕೆ ಕೊಂಡಿ ಹಾಕಿ ಹಗ್ಗ ತೂರಿಸುತ್ತಾನೆ, ಮತ್ತೆ ಏರುತ್ತಾನೆ. ಬಿದ್ದರೆ ಕೊನೆಯ ಬೋಲ್ಟು ತಡೆಯುತ್ತದೆ. ಆ ಬೋಲ್ಟನ್ನು ಕಲ್ಲು ಹಿಡಿದುಕೊಂಡಿದ್ದರೆ, ಅಷ್ಟೇ.

ಅವನು ಮೊದಲ ಅಂಚನ್ನು ಹಿಡಿದು ನಿಂತುಬಿಟ್ಟ. ನಾವೆಲ್ಲ ಅವನ ಬೆನ್ನನ್ನೇ ನೋಡುತ್ತಿದ್ದೆವು. ಅಂಗೈಯಿಂದ ಬಂಡೆಯನ್ನು ತಟ್ಟಿದ, ಕಿವಿ ಹಚ್ಚಿದ, ಮತ್ತೆ ಹಿಡಿದ. ಕೊನೆಗೆ ಕಾಲು ನೆಲ ಬಿಟ್ಟಿತು. ಬ್ರಶ್ಶಿನಿಂದ ಪಾಚಿ ಉಜ್ಜುತ್ತ, ಬೋಲ್ಟು ಹೊಡೆಯುತ್ತ ತೆಂಗಿನ ಮರದ ಎತ್ತರ ದಾಟಿದ. ಪ್ರತಿ ಹಿಡಿತಕ್ಕೂ ಭಾರ ಹಾಕುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದ. ಕೈಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಕೆಳಗೆ ನಿಂತ ನಮಗೂ ಅದು ಗೊತ್ತಾಗುತ್ತಿತ್ತು.

ಆಮೇಲೆ ಅವನು ಬಿದ್ದ.

ಎಡಗಾಲು ಪಾಚಿಯ ಮೇಲೆ ಹೋಯಿತು. ಇಡೀ ಮೈ ಬಂಡೆಯನ್ನು ಬಿಟ್ಟು ಕೆಳಗೆ ಬಂತು, ಹಗ್ಗ ಬಿಗಿಯಿತು, ಚಾಚಾ ಎರಡು ಹೆಜ್ಜೆ ಮುಂದಕ್ಕೆ ಎಳೆಯಲ್ಪಟ್ಟು ನಿಂತರು. ಕೂಗಿದವನು ನಾನೊಬ್ಬನೇ. ದ್ಯಾಮಪ್ಪ ಮಳೆಯಲ್ಲಿ ತೂಗಾಡುತ್ತಿದ್ದ. ಮೊದಲು ಮೇಲಿನ ಬೋಲ್ಟನ್ನು ನೋಡಿದ. ಆಮೇಲೆ, ಬೀಳುವ ಮೊದಲು ತಾನು ಹಿಡಿದಿದ್ದ ಅಂಚನ್ನು ನೋಡಿದ. ಅದು ಇದ್ದಲ್ಲೇ ಇತ್ತು. ತನ್ನ ಅಂಗೈ ತೆರೆದು ನೋಡಿಕೊಂಡ. ಅದರಲ್ಲಿ ಏನೂ ಇರಲಿಲ್ಲ.

"ಪೆಟ್ಟಾತೇನು?" ಎಂದು ಚಾಚಾ ಕೇಳಿದರು.

"ಜಾರಿತ್ರಿ," ಎಂದ ಮೇಲಿನಿಂದ. ಅವನ ದನಿಯಲ್ಲಿ ಅಷ್ಟು ಹಗುರವನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. "ಮುರೀಲಿಲ್ರಿ. ಬರೇ ಜಾರಿತು."

ಕೆಳಗೆ ಇಳಿಸುತ್ತೇನೆ ಎಂದರು ಚಾಚಾ. ಬೇಡ ಎಂದ. ಅಲ್ಲಿಂದ ಮುಂದೆ ಅವನು ಏರಿದ್ದನ್ನು ನಾನು ಹೇಗೆ ಹೇಳಲಿ? ಆಡಿಗೆ ಏರುತ್ತಿದ್ದ ದ್ಯಾಮಪ್ಪ ಇವನೇ ಎಂದು ಗುರುತು ಸಿಕ್ಕಿತು. ಜಾರುವುದಕ್ಕೆ ಮದ್ದಾಗಿ ಬ್ರಶ್ಶು ಇತ್ತು, ಹಗ್ಗ ಇತ್ತು, ಎಚ್ಚರ ಇತ್ತು. ಅದು ಅವನು ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲ ಅಪಾಯ. ಪ್ರತಿ ಹಿಡಿತಕ್ಕೂ ನಿಲ್ಲುವುದನ್ನು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ವಾಲಿದ ಹಲಗೆಯ ಪಕ್ಕದಿಂದ ದಾಟಿ ಮೋಡದೊಳಗೆ ಹೋದ. ಆಮೇಲೆ ಡ್ರಿಲ್ಲಿನ ಸದ್ದು ಮಾತ್ರ ಬರುತ್ತಿತ್ತು, ಕಡೆಗೆ ಅದೂ ನಿಂತಿತು. ಹಗ್ಗ ಮೂರು ಸಲ ಜಗ್ಗಿತು. ಮೇಲೆ ಗಟ್ಟಿಯಾಗಿ ಕಟ್ಟಿದ್ದೇನೆ ಎಂದು ಅದರ ಅರ್ಥ. ಚಾಚಾ ಹಗ್ಗ ಬಿಟ್ಟು ಬಂಡೆಯ ಬುಡದಲ್ಲೇ ಕೂತರು.

ಶನಿವಾರ ಜೀಪು ಬಂದಿತ್ತು. ರೇಶನ್ ಇಳಿಸಿ ಖಾಲಿ ಹೋಯಿತು. ಮುಂದಿನ ವಾರ ಆ ಹಲಗೆಯನ್ನು ತುಂಡು ತುಂಡಾಗಿ ಒಡೆದು ಗೋಪುರದ ಪಕ್ಕಕ್ಕೆ ಇಳಿಸಿದೆವು. ನಾನು ಫೋಟೋ ತೆಗೆದೆ. ಈಗ ನಮ್ಮ ತಂಡದಲ್ಲಿ ಮೊದಲು ಏರುವವನು ದ್ಯಾಮಪ್ಪನೇ. ಊರಿಗೆ ಬಂದಾಗ ಆಡು ಸಿಕ್ಕಿಕೊಂಡರೆ ಮತ್ತೆ ತಂಬಿಗೆ ತರುತ್ತಾನೆ. ಅಲ್ಲಿ ಮಳೆಯಲ್ಲೇ ಏರುತ್ತೀಯಂತೆ, ಇಲ್ಲೇನು ರೋಗ ಎಂದು ಆಡಿನ ಮಾಲೀಕರು ಕೇಳುತ್ತಾರೆ. ಅವನು ಬಂಡೆಗೆ ಒಂದು ಬೊಗಸೆ ನೀರು ಹಾಕುತ್ತಾನೆ.

ಆ ಶುಕ್ರವಾರ ನನ್ನ ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವನ ಜೇಬಿಗೆ ಹಾಕಿದ್ದೆ, ನೆತ್ತಿಯ ಫೋಟೋ ಆಫೀಸಿಗೆ ಬೇಕಿತ್ತು. ಅವನು ಇಳಿದು ಬಂದ ಮೇಲೆ ನೋಡಿದರೆ ಎಲ್ಲ ಫೋಟೋಗಳೂ ಬಿಳೀ ಮಂಜು, ಒಂದರಲ್ಲಿ ಅವನ ಹೆಬ್ಬೆರಳು. ಹೆಬ್ಬೆರಳಿನದನ್ನೇ ಕಳಿಸಿದೆ. ಮೇಲೆ ಸಿಗ್ನಲ್ ಚೆನ್ನಾಗಿತ್ತಂತೆ. ಕಾಕಾನಿಗೆ ಫೋನು ಹಚ್ಚಿದ್ದನಂತೆ. ಸಕ್ಕೂಬಾಯಿ ಬಡಿಸಿದ ಬಿಸಿ ಅನ್ನದ ಮುಂದೆ ಕೂತು ಅದನ್ನು ನನಗೆ ಹೇಳಿದ.

ಕಾಕಾ ಮೊದಲು ಸಮುದ್ರದ ಬಗ್ಗೆ ಕೇಳಿದನಂತೆ.

"ಏನೂ ಕಾಣವಲ್ದು ಕಾಕಾ. ಬರೇ ಬೆಳ್ಳಗ ಐತಿ."

"ಸಪ್ಪಳ ಆದ್ರ ಬರ್ತೈತೇನು?"

"ಮಳೀದ ಬರ್ತೈತಿ."

ಆಮೇಲೆ ಕಾಕಾ, ಬೀಳಲಿಲ್ಲ ಹೌದಿಲ್ಲೋ ಎಂದು ಕೇಳಿದನಂತೆ. ಬಿದ್ದೆ ಎಂದ ದ್ಯಾಮಪ್ಪ. ಹಿಡಿದಿದ್ದು ಕೈಯಲ್ಲಿ ಬಂತೇನು ಎಂದು ಕೇಳಿದನಂತೆ.

"ಇಲ್ಲ ಕಾಕಾ. ಅಲ್ಲೇ ಐತಿ."

ಆಚೆ ಕಂಡಕ್ಟರ್ ಯಾವುದೋ ಊರಿನ ಹೆಸರು ಕೂಗುತ್ತಿದ್ದನಂತೆ, ಮಳೆಯಲ್ಲಿ ಯಾವುದೆಂದು ತಿಳಿಯಲಿಲ್ಲ. ಅದು ಮುಗಿದ ಮೇಲೆ ಕಾಕಾನ ದನಿ ಬಂತು.

"ಆತು ಹಂಗಾದ್ರ. ಚಾ ತಣ್ಣಗಾಗಾಕತ್ತೈತಿ, ಕುಡೀತೀನಿ."